ಅಯಾನುಗೋಳದಲ್ಲೊಂದು ಶಲಾಕೆ

ಚಾಮರಾಜಪೇಟೆಯ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ರೇಡಿಯೋದ ಮುಳ್ಳನ್ನು ಕಿರುತರಂಗಕ್ಕೆ ತಿರುಗಿಸಿದರೆ ದೂರದೇಶದ ದನಿ ಕೇಳಿಬರುತ್ತದೆ. ಆ ದನಿ ನೇರವಾಗಿ ಬಂದುದಲ್ಲ. ಮೇಲಿನ ಅಯಾನುಗೋಳದಿಂದ ಬಾಗಿ ಭೂಮಿಗೆ ಮರಳಿದುದು. ಅಲ್ಲಿ ಸೂರ್ಯನ ಕಿರಣಗಳು ವಿರಳವಾದ ವಾಯುವನ್ನು ಒಡೆದು ಎಲೆಕ್ಟ್ರಾನು, ಅಯಾನುಗಳನ್ನಾಗಿಸಿರುತ್ತವೆ. ಇಂಥ ವಿದ್ಯುತ್ಕಣಗಳ ಸಮೂಹಕ್ಕೆ ಅಮೆರಿಕದ ಅರ್ವಿಂಗ್ ಲ್ಯಾಂಗ್‌ಮ್ಯೂರ್ 1928ರಲ್ಲಿ ಪ್ಲಾಸ್ಮಾ ಎಂದು ಹೆಸರಿಟ್ಟನು.

ಅದನ್ನು ಅಳೆಯಲು ಆತನು ಬಳಸಿದ ಸಾಧನ ಬಲು ಸರಳ: ಒಂದು ಲೋಹದ ಶಲಾಕೆ. ಅದರ ವೋಲ್ಟೇಜನ್ನು ಏರಿಸುತ್ತ ಇಳಿಸುತ್ತ, ಎಷ್ಟೆಷ್ಟು ವಿದ್ಯುತ್ತು ಹರಿಯಿತೆಂದು ಗುರುತಿಸಿಕೊಂಡರೆ ಕಣಗಳ ಸಾಂದ್ರತೆಯೂ ಉಷ್ಣತೆಯೂ ತಿಳಿಯುತ್ತವೆ.

ಗಾಜಿನ ಕೊಳವೆಯಲ್ಲಿ ಇದು ಸುಲಭ, ಆಕಾಶದಲ್ಲಿ ಹಾಗಲ್ಲ. ಉಪಗ್ರಹವು ಸೆಕೆಂಡಿಗೆ ಸುಮಾರು 7.5 ಕಿಲೋಮೀಟರ್ ಓಡುತ್ತಿರುತ್ತದೆ. ತುಂತುರು ಮಳೆಯಲ್ಲಿ ಸೈಕಲ್ ತುಳಿದವರ ಎದೆ ತೊಯ್ದು ಬೆನ್ನು ಒಣಗಿಯೇ ಇರುವಂತೆ, ನಿಧಾನಗತಿಯ ಅಯಾನುಗಳು ಅದರ ಮುಂಭಾಗಕ್ಕೇ ಬಡಿಯುತ್ತವೆ. ಎಲೆಕ್ಟ್ರಾನುಗಳಾದರೋ ಉಪಗ್ರಹಕ್ಕಿಂತ ಹಲವು ಪಟ್ಟು ವೇಗದವು. ಎಲ್ಲ ಕಡೆಯಿಂದಲೂ ಮುತ್ತುತ್ತವೆ. ಸಾಲದೆಂಬಂತೆ ಉಪಗ್ರಹದ ಮೈಯೇ ವಿದ್ಯುತ್ತನ್ನು ಪಡೆದು ಅಳತೆಯನ್ನು ಕೆಡಿಸುತ್ತದೆ. ತನ್ನ ಓಟವನ್ನೂ ತನ್ನ ವಿದ್ಯುತ್ತನ್ನೂ ಲೆಕ್ಕಕ್ಕೆ ಹಿಡಿಯದವನಿಗೆ ಆಕಾಶದ ಲೆಕ್ಕ ದೊರೆಯದು.

ಈ ವಿದ್ಯೆ ನಮ್ಮ ಊರಿಗೆ ಸುಲಭವಾಗಿ ಒಲಿಯಲಿಲ್ಲ. ಪೀಣ್ಯದ ಷೆಡ್ಡುಗಳಲ್ಲಿ ಸಿದ್ಧವಾದ ‘ಆರ್ಯಭಟ’ವು ಅಯಾನುಗೋಳದ ಪ್ರಯೋಗವೊಂದನ್ನೂ ಹೊತ್ತು 1975ರ ಏಪ್ರಿಲ್ 19ರಂದು ಮೇಲೇರಿತು, ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆ ಕೆಟ್ಟು ಪ್ರಯೋಗಗಳು ನಿಂತವು. ಬೆಂಗಳೂರಿನ ಉಪಗ್ರಹ ಕೇಂದ್ರದ ‘ಸ್ರಾಸ್’ ಮಾಲೆಯ ಮೊದಲೆರಡು ಉಪಗ್ರಹಗಳು 1987 ಮತ್ತು 1988ರಲ್ಲಿ ರಾಕೆಟ್ಟಿನೊಡನೆ ಹಾಳಾದವು. 1992ರಲ್ಲಿ ಹೋದದ್ದು ತಗ್ಗಿನ ಕಕ್ಷೆಗೆ ಸೇರಿ ಎರಡು ತಿಂಗಳೊಳಗೆ ಉರಿದುಹೋಯಿತು.

1994ರ ಮೇ 4ರಂದು ಹೊರಟ ‘ಸ್ರಾಸ್-ಸಿ2’ ಮಾತ್ರ 2001ರ ವರೆಗೆ ಕಕ್ಷೆಯಲ್ಲಿ ಉಳಿಯಿತು. ಅದರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಉಪಕರಣವಿತ್ತು: ಎಲೆಕ್ಟ್ರಾನುಗಳಿಗೊಂದು, ಅಯಾನುಗಳಿಗೊಂದು ಜಾಲರಿಯ ಶೋಧಕ, ಉಪಗ್ರಹದ ಮೈಯ ವೋಲ್ಟೇಜಿನ ಮೇಲೆ ಕಣ್ಣಿಡಲು ಲ್ಯಾಂಗ್‌ಮ್ಯೂರನ ಮಾದರಿಯ ಗೋಳಾಕಾರದ ಶಲಾಕೆ. ಜಾಲರಿಗೆ ಕೊಟ್ಟ ವೋಲ್ಟೇಜನ್ನು ಮೀರಬಲ್ಲ ಕಣಗಳಿಗಷ್ಟೇ ಒಳಗೆ ಪ್ರವೇಶ. ಓಡುವ ಉಪಗ್ರಹಕ್ಕೆ ಭಾರದ ಅಯಾನು ಹೆಚ್ಚು ಬಲವಾಗಿ ಬಡಿಯುತ್ತದೆ. ಆಮ್ಲಜನಕದ ಅಯಾನಿಗೆ ಜಲಜನಕದ್ದಕ್ಕಿಂತ ಸುಮಾರು 16 ಪಟ್ಟು ಶಕ್ತಿ. ಅದನ್ನು ತಡೆಯಲು ಬೇಕಾದ ವೋಲ್ಟೇಜೂ ಅಷ್ಟೇ ಹೆಚ್ಚು. ಹೀಗೆ ಅಳತೆಗೆ ತೊಡಕಾಗಿದ್ದ ಓಟವೇ ಅಯಾನುಗಳನ್ನು ಬೇರ್ಪಡಿಸಿ ತೂಗುವ ತಕ್ಕಡಿಯಾಯಿತು.

ಇಂದು ರಾತ್ರಿ ಕಿರುತರಂಗದ ದನಿ ಏರಿಳಿದಾಗ ತಾವು ರೇಡಿಯೋವನ್ನು ದೂರಬೇಕಾಗಿಲ್ಲ. ಅದು ಅಯಾನುಗೋಳದ ಏರಿಳಿತವಿರಬಹುದು. ಅದನ್ನು ಅಳೆಯಲು ನಮ್ಮ ಊರಿನಿಂದಲೂ ಶಲಾಕೆಯೊಂದು ಹೋಗಿತ್ತು.