ಕಳ್ಳಿ, ಹುಳು ಮತ್ತು ಕಪ್ಪೆ

ಮಗಳ ಮನೆಯಲ್ಲಿ ಆರು ತಿಂಗಳು ಕಳೆಯಲೆಂದು ನಾನೂ ನನ್ನ ಶ್ರೀಮತಿಯೂ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರಕ್ಕೆ ಹೋಗಿದ್ದ ಸಂಗತಿ ನಿಮ್ಮಲ್ಲಿ ಅನೇಕರಿಗೆ ತಿಳಿದಿದೆ. ‘ಕಾಂಗರೂ ನೋಡಿದಿರಾ ಸಾರ್?’ ಎಂದು ಕೇಳಿದವರೇ ಹೆಚ್ಚು. ನೋಡಿದೆ. ಆದರೆ ನಮ್ಮ ನಿತ್ಯದ ಸಹವಾಸ ಇದ್ದುದು ಕಾಂಗರೂಗಳೊಡನೆ ಅಲ್ಲ. ಗೋಡೆಯ ಮೇಲಿನ ಜೇಡ, ಸೂರಿನ ಮೇಲೆ ರಾತ್ರಿಯೆಲ್ಲ ದಡಬಡ ಓಡಾಡುವ ಪೋಸಮ್ ಎಂಬ ಪ್ರಾಣಿ, ಹಿತ್ತಿಲಿನ ಕಪ್ಪೆ, ದೀಪದ ಬಳಿಯ ಹಲ್ಲಿ, ಇವುಗಳೊಡನೆ.

ಹೋದ ಮೊದಲ ವಾರದಲ್ಲೇ ನಾನೊಂದು ಅಪರಾಧ ಮಾಡಿದೆ. ಬಚ್ಚಲುಮನೆಯ ಗೋಡೆಯ ಮೇಲೆ ಅಂಗೈಯಗಲದ ಜೇಡವೊಂದು ಕುಳಿತಿತ್ತು. ಕೈಗೆ ಸಿಕ್ಕ ಪೊರಕೆಯಿಂದ ಒಂದೇ ಏಟಿಗೆ ಅದನ್ನು ಕೆಡವಿ, ಶೌರ್ಯದ ಕೆಲಸ ಮಾಡಿದವನಂತೆ ಹೊರಬಂದೆ. ಎಂಟು ವರ್ಷದ ಮೊಮ್ಮಗಳು ಅದನ್ನು ಕಂಡು ಬಿಕ್ಕಿ ಬಿಕ್ಕಿ ಅತ್ತಳು. ಅದು ‘ಹಂಟ್ಸ್‌ಮನ್’ ಜೇಡವಂತೆ. ಬಲೆ ನೇಯದೆ ಓಡಾಡಿ ಬೇಟೆಯಾಡಿ ಜಿರಲೆಗಳನ್ನು ಹಿಡಿದು ತಿನ್ನುತ್ತದೆ. ಮನುಷ್ಯರಿಗೆ ಅದರಿಂದ ಹೇಳಿಕೊಳ್ಳುವಂಥ ಅಪಾಯವಿಲ್ಲ. ಎರಡು ದಿನ ಆ ಮಗು ನನ್ನೊಡನೆ ಮಾತನಾಡಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನಿಗೆ ಆ ಎರಡು ದಿನಗಳು ಬಹಳ ದೀರ್ಘವಾಗಿದ್ದವು.

ಮಾತು ಬಿಟ್ಟ ಆ ದಿನಗಳಲ್ಲಿ ಬೇರೆ ಕೆಲಸವಿಲ್ಲದೆ ಬಡಾವಣೆಯ ಗ್ರಂಥಾಲಯಕ್ಕೆ ಹೋಗತೊಡಗಿದೆ. ಅಲ್ಲಿ ನನ್ನ ಕೈಗೆ ಸಿಕ್ಕಿದ್ದು ಕ್ವೀನ್ಸ್‌ಲ್ಯಾಂಡಿನ ಪಾಪಾಸುಕಳ್ಳಿಯ ಇತಿಹಾಸ. ನಿಮಗೆ ನೆನಪಿರಬಹುದು, ಆಸ್ಟ್ರೇಲಿಯಾ ಖಂಡದ ಪಾಠ ಬಂದಾಗಲೆಲ್ಲ ಈ ಕಳ್ಳಿಯ ಕಥೆಯನ್ನು ನಾನು ರಸವತ್ತಾಗಿ ಹೇಳುತ್ತಿದ್ದೆ. ಹೇಳಿದ್ದರಲ್ಲಿ ಅರ್ಧ ಮಾತ್ರ ಸರಿಯಾಗಿತ್ತೆಂದು ಈಗ ತಿಳಿಯಿತು.

ಕಥೆ ಆರಂಭವಾಗುವುದು ಕೆಂಪು ಬಣ್ಣದಿಂದ. ಬ್ರಿಟಿಷ್ ಸಿಪಾಯಿಗಳ ಕೆಂಪು ಅಂಗಿಗೆ ಬೇಕಾದ ಒಳ್ಳೆಯ ಬಣ್ಣ ದೊರೆಯುತ್ತಿದ್ದುದು ಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಎಂಬ ಹುಳುವಿನಿಂದ. ಆ ವ್ಯಾಪಾರವೋ ಸ್ಪೇನಿನವರ ಮುಷ್ಟಿಯಲ್ಲಿತ್ತು. 1787ರಲ್ಲಿ ಕೈದಿಗಳ ಹಡಗುಗಳೊಡನೆ ಆಸ್ಟ್ರೇಲಿಯಾದತ್ತ ಹೊರಟ ಆರ್ಥರ್ ಫಿಲಿಪ್, ದಾರಿಯಲ್ಲಿ ಬ್ರೆಜಿಲಿನ ರಿಯೋ ಡಿ ಜನೈರೋದಿಂದ ಕಳ್ಳಿಯನ್ನೂ ಹುಳುವನ್ನೂ ತೆಗೆದುಕೊಂಡು 1788ರಲ್ಲಿ ಸಿಡ್ನಿ ತಲುಪಿದನು. ಬಣ್ಣದ ಉದ್ಯಮ ಕೈಗೂಡಲಿಲ್ಲ.

ಇದೇ ಕಾಲದಲ್ಲಿ ನಮ್ಮ ದೇಶದಲ್ಲೂ ಇದೇ ಪ್ರಯತ್ನ ನಡೆದಿತ್ತೆಂಬುದು ನನಗೆ ಹೊಸ ಸಂಗತಿ. ಮದರಾಸಿನಲ್ಲಿ ಕಂಪನಿಯ ವೈದ್ಯ ಜೇಮ್ಸ್ ಆಂಡರ್ಸನ್ ಎಂಬಾತ ಇದಕ್ಕಾಗಿಯೇ ಕಳ್ಳಿಯ ತೋಟ ಬೆಳೆಸಿದ್ದನು. 1795ರಲ್ಲಿ ಬ್ರೆಜಿಲಿನಿಂದ ಹುಳುವೇನೋ ಭಾರತಕ್ಕೆ ಬಂತು, ಆದರೆ ಬಂದದ್ದು ಉತ್ತಮ ಬಣ್ಣ ಕೊಡುವ ಜಾತಿಯಲ್ಲ, ಅದರ ದಾಯಾದಿ. ಬಣ್ಣ ಕಳಪೆಯಾಯಿತು, ಕಳ್ಳಿಯನ್ನು ಮಾತ್ರ ಅದು ಚೆನ್ನಾಗಿ ತಿಂದುಹಾಕಿತು. ಒಂದು ಕಳೆಯನ್ನು ಕೀಟದಿಂದ ಅಡಗಿಸಬಹುದೆಂಬುದು ಜಗತ್ತಿಗೆ ಮೊದಲು ಗೊತ್ತಾದದ್ದು ಹೀಗೆ, ನಮ್ಮ ನೆಲದಲ್ಲಿ, ತಪ್ಪಿನಿಂದ!

ಆಸ್ಟ್ರೇಲಿಯಾದಲ್ಲಿ ನಿಜವಾದ ಅನಾಹುತ ಮಾಡಿದ್ದು ಫಿಲಿಪ್ ತಂದ ಕಳ್ಳಿಯಲ್ಲ. ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ಹೂಕುಂಡದ ಅಲಂಕಾರಕ್ಕೂ ಬೇಲಿಗೂ ಎಂದು ಜನ ಪ್ರೀತಿಯಿಂದ ತಂದ ಇನ್ನೊಂದು ಜಾತಿ. 1925ರ ವೇಳೆಗೆ ಅದು ಸುಮಾರು 6 ಕೋಟಿ ಎಕರೆ ಭೂಮಿಯನ್ನು ನುಂಗಿತ್ತು. ನಮ್ಮ ಇಡೀ ಕರ್ನಾಟಕದ ವಿಸ್ತೀರ್ಣ ಐದು ಕೋಟಿ ಎಕರೆಗೂ ಕಡಿಮೆ ಎಂದರೆ ಅದರ ಅಗಾಧತೆ ನಿಮಗೆ ಹೊಳೆದೀತು. ಕಡಿದರು, ಸುಟ್ಟರು, ಪಾಷಾಣ ಸಿಂಪಡಿಸಿದರು. ಕೊನೆಗೆ ಜಮೀನು ಬಿಟ್ಟು ಹೋದರು. 1912ರಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರ ಜಾನ್‌ಸ್ಟನ್ ಮತ್ತು ಟ್ರಯಾನ್ ಎಂಬಿಬ್ಬರನ್ನು ಪರಿಹಾರ ಹುಡುಕಲು ದೇಶ ಸುತ್ತಲು ಕಳುಹಿಸಿತು. ಅವರು ಸಿಂಹಳಕ್ಕೂ ಭಾರತಕ್ಕೂ ಬಂದರು. ನಮ್ಮ ಕಡೆಯ ಆ ‘ಕಳಪೆ’ ಹುಳುವೇ ಅಲ್ಲಿಗೆ ಹೋಗಿ 1914ರಲ್ಲಿ ಫಿಲಿಪ್ ತಂದಿದ್ದ ಜಾತಿಯ ಕಳ್ಳಿಯನ್ನು ಅಡಗಿಸಿತು. ದೊಡ್ಡ ಕಳ್ಳಿ ಮಾತ್ರ ಅದಕ್ಕೆ ಬಗ್ಗಲಿಲ್ಲ.

ಅದನ್ನು ಬಗ್ಗಿಸಿದ್ದು ಅರ್ಜೆಂಟೀನಾದ ‘ಕ್ಯಾಕ್ಟೋಬ್ಲಾಸ್ಟಿಸ್’ ಎಂಬ ಬೂದುಬಣ್ಣದ ಸಾಮಾನ್ಯ ಪತಂಗ. 1925ರಲ್ಲಿ ಅಲನ್ ಡಾಡ್ ಎಂಬ ವಿಜ್ಞಾನಿ ಅದರ ಸುಮಾರು ಮೂರು ಸಾವಿರ ಮೊಟ್ಟೆಗಳನ್ನು ತರಿಸಿದನು. ಹುಳು ಬೇರೆ ಬೆಳೆಗಳನ್ನು ತಿನ್ನುವುದೋ ಎಂದು ಉಪವಾಸ ಕೆಡವಿ ಪರೀಕ್ಷಿಸಿದರು. ಅದು ಕಳ್ಳಿಯನ್ನಲ್ಲದೆ ಬೇರೇನನ್ನೂ ತಿಂದು ಬದುಕಲಿಲ್ಲ. 1926ರಿಂದ ಹೊಲಗಳಿಗೆ ಬಿಟ್ಟರು. ಮೊಟ್ಟೆಗಳನ್ನು ಕಾಗದಕ್ಕೆ ಅಂಟಿಸಿ ಕಳ್ಳಿಗೆ ಚುಚ್ಚುವುದು, ಅಷ್ಟೇ ಕೆಲಸ. ಏಳೆಂಟು ವರ್ಷಗಳಲ್ಲಿ ಆ ಕಾಡಿನ ಬಹುಭಾಗ ಕೊಳೆತು ನೆಲಕ್ಕೊರಗಿತು. ಅಳಿಯನನ್ನು ಕಾಡಿಬೇಡಿ, ಒಂದು ಭಾನುವಾರ ಬ್ರಿಸ್ಬೇನಿನಿಂದ ಸುಮಾರು 300 ಕಿಲೋಮೀಟರ್ ದೂರದ ಬೂನಾರ್ಗಾ ಎಂಬ ಹಳ್ಳಿಗೆ ಹೋಗಿಬಂದೆ. ಅಲ್ಲಿನ ರೈತರು 1936ರಲ್ಲಿ ಈ ಪತಂಗದ ಸ್ಮಾರಕವಾಗಿ ಮರದ ಸಭಾಭವನವೊಂದನ್ನು ಕಟ್ಟಿದ್ದಾರೆ. ಹುಳುವಿನ ಹೆಸರಿನಲ್ಲಿ ಭವನ! ನಮ್ಮೂರಿನಲ್ಲಿ ಮೇಷ್ಟರ ಹೆಸರಿನಲ್ಲಿ ಒಂದು ಜಗುಲಿಯೂ ಇಲ್ಲ ಎಂದು ಅಳಿಯನಿಗೆ ಹೇಳಿ ಇಬ್ಬರೂ ನಕ್ಕೆವು.

ಶಿರಾ ಸೀಮೆಯ ನಮ್ಮ ತಾತನವರು ಹೇಳುತ್ತಿದ್ದ ಮಾತು ಅಲ್ಲಿ ನಿಂತಾಗ ನೆನಪಾಯಿತು. ಅವರ ಯೌವನದಲ್ಲಿ ಕೆರೆಯಂಗಳದ ತನಕ ಪಾಪಾಸುಕಳ್ಳಿ ಹಬ್ಬಿತ್ತಂತೆ. ‘ಹತ್ತಿಯಂಥ ಬಿಳೀ ಹುಳ ಬಿತ್ತು, ಒತ್ತಿದರೆ ಕೈಯೆಲ್ಲ ಕೆಂಪು, ಎರಡು ಮೂರು ವರ್ಷಕ್ಕೆ ಕಳ್ಳಿ ಕೊಳೆತೇಹೋಯ್ತು’ ಎನ್ನುತ್ತಿದ್ದರು. ದೈವಲೀಲೆಯೆಂದೇ ಅವರ ನಂಬಿಕೆ. 1926ರಲ್ಲಿ ಸಿಂಹಳದಿಂದ ದಕ್ಷಿಣ ಭಾರತಕ್ಕೆ ಇನ್ನೊಂದು ಜಾತಿಯ ಕೊಚಿನೀಲ್ ಹುಳುವನ್ನು ತಂದು ಬಿಟ್ಟಿದ್ದರೆಂಬುದನ್ನು ನಾನು ಓದಿದ್ದು ತಾತ ತೀರಿಕೊಂಡು ನಲವತ್ತು ವರ್ಷಗಳ ಮೇಲೆ, ಪರದೇಶದಲ್ಲಿ ಕುಳಿತು.

ಈ ಗೆಲುವಿನ ಅಮಲೇ ಮುಂದಿನ ಅನರ್ಥಕ್ಕೆ ದಾರಿಯಾಯಿತೆಂಬುದು ನನ್ನ ಊಹೆ. ಕಬ್ಬಿನ ಬೇರು ತಿನ್ನುವ ದುಂಬಿಯ ಕಾಟ ತಡೆಯಲು 1935ರಲ್ಲಿ ರೆಜಿನಾಲ್ಡ್ ಮಂಗೊಮೆರಿ ಎಂಬಾತ ಹವಾಯಿಯಿಂದ 102 ದೊಡ್ಡ ಕಪ್ಪೆಗಳನ್ನು ಕ್ವೀನ್ಸ್‌ಲ್ಯಾಂಡಿಗೆ ತಂದನು. ದುಂಬಿ ಕಬ್ಬಿನ ಸುಳಿಯಲ್ಲಿ, ಅದರ ಮರಿ ಮಣ್ಣಿನೊಳಗೆ, ಕಪ್ಪೆ ನೆಲದ ಮೇಲೆ! ಭೇಟಿಯಾಗುವುದೆಂತು? ವಾಲ್ಟರ್ ಫ್ರಾಗಟ್ ಎಂಬ ನಿವೃತ್ತ ಕೀಟಶಾಸ್ತ್ರಜ್ಞನು ಬೇಡವೆಂದು ಎಚ್ಚರಿಸಿದನು. ಕೆಲಕಾಲ ಬಿಡುಗಡೆಗೆ ತಡೆಯೂ ಬಂದು, 1936ರಲ್ಲಿ ತೆರವಾಯಿತು. ನಿವೃತ್ತರ ಮಾತು ಕೇಳುವವರಾರು? ಆ ಕಪ್ಪೆಯ ಮೈಯಲ್ಲಿ ವಿಷವಿದೆ. ತಿಂದ ಹಾವು, ಉಡ, ಕ್ವಾಲ್ ಎಂಬ ಅಲ್ಲಿನ ಸಣ್ಣ ಬೇಟೆಗಾರ ಪ್ರಾಣಿ, ಎಲ್ಲ ಸಾಯುತ್ತವೆ. ಉತ್ತರದ ರಾಜ್ಯಗಳನ್ನೆಲ್ಲ ದಾಟಿ ಅದು ಪಶ್ಚಿಮ ಆಸ್ಟ್ರೇಲಿಯಾದವರೆಗೆ ಹಬ್ಬಿದೆ.

ಈಗ ನಾನು ಒಬ್ಬ ವಿದ್ಯಾರ್ಥಿಗೆ ಉತ್ತರ ಕೊಡಬೇಕಿದೆ. ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗನೊಬ್ಬ ಕಳ್ಳಿಯ ಪಾಠದ ನಡುವೆ ಎದ್ದು, ‘ಕಳ್ಳಿ ಎಲ್ಲ ಮುಗಿದ ಮೇಲೆ ಆ ಹುಳ ಏನು ತಿನ್ನುತ್ತೆ ಸಾರ್?’ ಎಂದು ಕೇಳಿದ್ದನು. ತರಗತಿ ನಕ್ಕಿತು. ಉತ್ತರ ಗೊತ್ತಿಲ್ಲದ ನಾನು ‘ಅಧಿಕಪ್ರಸಂಗ ಮಾಡಬೇಡ, ಕೂತ್ಕೋ’ ಎಂದು ಗದರಿಸಿದೆ. ಅವನು ಇದನ್ನು ಓದುತ್ತಿರಬಹುದು. ಅಪ್ಪಾ, ಪತಂಗವು ಕಳ್ಳಿ ಕಡಿಮೆಯಾದಂತೆ ತಾನೂ ಕಡಿಮೆಯಾಗುತ್ತದೆ, ಏಕೆಂದರೆ ಅದಕ್ಕೆ ಬೇರೆ ಅನ್ನವಿಲ್ಲ. ಕಪ್ಪೆಗೆ ಬಾಯಿಗೆ ಹಿಡಿಸುವುದೆಲ್ಲ ಅನ್ನ. ಕಪ್ಪೆಯನ್ನು ತರುವ ಮೊದಲು ಕೇಳಬೇಕಾಗಿದ್ದುದು ನಿನ್ನ ಪ್ರಶ್ನೆಯನ್ನೇ. ಇನ್ನೂ ಒಂದು ಮಾತು: ಅದೇ ಪತಂಗ 1989ರಲ್ಲಿ ಅಮೆರಿಕೆಯ ಫ್ಲಾರಿಡಾದಲ್ಲಿ ಕಾಣಿಸಿಕೊಂಡು ಅಲ್ಲಿನ ಸ್ವಂತ ಕಳ್ಳಿಗಳನ್ನು ತಿನ್ನತೊಡಗಿತು, ಅಲ್ಲಿ ಅದೇ ಪೀಡೆ.

ಮೊಮ್ಮಗಳು ಮೂರನೆಯ ದಿನ ರಾಜಿಯಾದಳು. ಮಳೆಗಾಲದ ಒಂದು ರಾತ್ರಿ ಬಕೆಟ್ಟು, ಕೈಗವಸು, ಟಾರ್ಚು ಹಿಡಿದು ‘ತಾತಾ, ಕಪ್ಪೆ ಹಿಡಿಯೋಣ ಬನ್ನಿ’ ಎಂದು ಕರೆದಳು. ಹಿಡಿದವನ್ನು ದೊಡ್ಡವರು ಕೊಲ್ಲುತ್ತಾರೆಂದು ಅವಳಿಗೆ ಗೊತ್ತು. ‘ಜೇಡಕ್ಕೆ ಅತ್ತೆಯಲ್ಲ, ಇದು ಪಾಪವಲ್ಲವೇ?’ ಎಂದೆ. ‘ಜೇಡ ಇಲ್ಲೀದು ತಾತಾ. ಇದು ಹೊರಗಿಂದ ಬಂದದ್ದು’ ಎಂದಳು. ಆರು ತಿಂಗಳ ವೀಸಾದವನು ನಾನು. ಮಾತನಾಡದೆ ಬಕೆಟ್ಟು ಹಿಡಿದುಕೊಂಡೆ. ಅಂದು ಸಿಕ್ಕಿದ್ದು ಹದಿನಾಲ್ಕು. ಒಂದಕ್ಕೂ ತಾನು ಬಂದ ಕಾರಣ ಗೊತ್ತಿರಲಿಲ್ಲ.

ನಾವು ಒಳಗೆ ಬಂದಾಗ ದೀಪದ ಹಿಂದೆ ಹಲ್ಲಿ ಲೊಚಗುಟ್ಟಿತು. ನನ್ನ ಶ್ರೀಮತಿ ಎಂದಿನಂತೆ ನೆಲವನ್ನು ಮೂರು ಬಾರಿ ತಟ್ಟಿ ‘ಕೃಷ್ಣ ಕೃಷ್ಣ’ ಎಂದಳು. ಈ ಲೊಚಗುಟ್ಟುವ ಹಲ್ಲಿ ನಮ್ಮ ಏಷ್ಯಾದ್ದು, ಸರಕಿನ ಹಡಗುಗಳಲ್ಲಿ ಬಂದು ಬ್ರಿಸ್ಬೇನಿನ ಮನೆಗಳಲ್ಲಿ ನೆಲೆಸಿದೆ. ಮೊಮ್ಮಗಳಿಗೆ ಅದನ್ನು ಹೇಳಬೇಕೆಂದು ಬಾಯಿ ತೆರೆದೆ. ಶ್ರೀಮತಿ ನನ್ನತ್ತ ನೋಡಿದಳು. ಹೇಳಲಿಲ್ಲ.