ಪಾನಾ ಹಿಡಿಯಲು ಕಲಿಯೋಕೆ ಎಷ್ಟು ಖರ್ಚು? ಮುಕ್ಕಾಲು ಶತಮಾನದ ಲೆಕ್ಕ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಕಡೆ ಚಹಾದಂಗಡಿಗಳಲ್ಲಿ ಇದೇ ಮಾತು: ಹುಡುಗನನ್ನು ಐಟಿಐಗೆ ಹಾಕೋದಾ, ಇಲ್ಲ ಸೀದಾ ಗ್ಯಾರೇಜಿಗೆ ಬಿಡೋದಾ? ಐಟಿಐ ಮೋಟಾರ್ ಮೆಕ್ಯಾನಿಕ್ ಅಂದರೆ ಎರಡು ವರ್ಷ. ಗ್ಯಾರೇಜ್ ಅಂದರೆ ನಾಳೆಯಿಂದಲೇ ಕೈಗೆ ಗ್ರೀಸು, ವಾರಕ್ಕೊಂದಿಷ್ಟು ಚಿಲ್ಲರೆ. ಯಾವುದು ಲಾಭ ಎಂದು ನೋಡಲು ಹೊರಟ ನಮಗೆ ಹಳೆಯದೊಂದು ಪ್ರಶ್ನೆ ಎದುರಾಯಿತು. ಗಾಡಿ ರಿಪೇರಿ ಕಲಿಸುವ ಖರ್ಚನ್ನು ಇಷ್ಟು ವರ್ಷ ಕಟ್ಟಿದವರು ಯಾರು?

ಉಸ್ತಾದನ ಶಾಲೆ

ಮೊದಲು ಇದ್ದದ್ದು ಗ್ಯಾರೇಜ್ ಒಂದೇ. ಅಲ್ಲಿ ಫೀಸು ಇರಲಿಲ್ಲ. ಹುಡುಗ ಕಟ್ಟುತ್ತಿದ್ದದ್ದು ತನ್ನ ವರ್ಷಗಳನ್ನು. ಮೊದಲು ಚಹಾ ತರುವುದು, ಬಿಡಿಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದು, ಆಮೇಲೆ ಪಂಕ್ಚರ್. ಎಂಜಿನ್ ಬಿಚ್ಚುವ ಭಾಗ್ಯ ಬರುವ ಹೊತ್ತಿಗೆ ಮೀಸೆ ಮೂಡಿರುತ್ತಿತ್ತು.

ಉಸ್ತಾದನಿಗೂ ತನ್ನದೇ ಚಿಂತೆ. ಎಲ್ಲ ಬೇಗ ಕಲಿಸಿದರೆ ಹುಡುಗ ಎದುರಿನ ರಸ್ತೆಯಲ್ಲೇ ಅಂಗಡಿ ತೆರೆಯುತ್ತಾನೆ. ಹಾಗಾಗಿ ವಿದ್ಯೆ ಹನಿ ಹನಿಯಾಗಿ ಇಳಿಯುತ್ತಿತ್ತು. 14ರೊಳಗಿನ ಮಕ್ಕಳೂ ಇಂಥ ಕಡೆ ದುಡಿಯುತ್ತಿದ್ದರು. 1986ರ ಬಾಲಕಾರ್ಮಿಕ ಕಾಯ್ದೆ ಅವರನ್ನು ಅಪಾಯದ ಕೆಲಸಗಳಿಂದ ದೂರವಿಡಲು ಬಂತು. 2016ರ ತಿದ್ದುಪಡಿ, ಮನೆಯವರಿಗೆ ನೆರವಾಗುವಂಥ ಕೆಲವನ್ನು ಬಿಟ್ಟು, ಎಲ್ಲ ಕೆಲಸಗಳಿಗೂ ಆ ನಿಷೇಧವನ್ನು ಹಬ್ಬಿಸಿತು.

ಸರ್ಕಾರ ಖರ್ಚು ಹೊತ್ತ ಕಾಲ

ಎರಡನೇ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರಕ್ಕೆ ಫಿಟ್ಟರ್, ಮೆಕ್ಯಾನಿಕ್‌ಗಳು ಬೇಕಾದರು. ಉಸ್ತಾದನ ವೇಗಕ್ಕೆ ಕಾಯುವಂತಿರಲಿಲ್ಲ. ಸರ್ಕಾರವೇ ದುಡ್ಡು ಹಾಕಿ ಸಾವಿರಾರು ಜನರಿಗೆ ತರಬೇತಿ ಕೊಟ್ಟಿತು. ನಮ್ಮ ಮೈಸೂರು ಸಂಸ್ಥಾನದಲ್ಲಿ, ಯುದ್ಧದ ನಡುವೆಯೇ 1943ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಆಸಕ್ತಿಯಿಂದ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಇಂದಿನ ಎಸ್.ಜೆ. ಪಾಲಿಟೆಕ್ನಿಕ್ ಅದೇ.

ಸ್ವಾತಂತ್ರ್ಯದ ನಂತರ 1950ರಲ್ಲಿ ಕೇಂದ್ರ ಸರ್ಕಾರ ಕುಶಲಕರ್ಮಿ ತರಬೇತಿ ಯೋಜನೆ ತಂದಿತು. ಐಟಿಐಗಳ ಬೇರು ಇಲ್ಲಿದೆ. 1956ರಲ್ಲಿ ಅವುಗಳ ದಿನನಿತ್ಯದ ಆಡಳಿತ ರಾಜ್ಯಗಳ ಕೈಗೆ ಬಂತು. ಅಷ್ಟರಲ್ಲಿ ನಮ್ಮಲ್ಲಿ ಸರ್ಕಾರಿ ಬಸ್ಸು ಓಡಾಡುತ್ತಿತ್ತು. 1948ರ ಸೆಪ್ಟೆಂಬರ್‌ನಲ್ಲಿ 120 ಬಸ್ಸುಗಳಿಂದ ಶುರುವಾದ ಮೈಸೂರು ಸರ್ಕಾರದ ಸಾರಿಗೆ ಇಲಾಖೆ 1961ರಲ್ಲಿ ನಿಗಮವಾಯಿತು. ಬಸ್ ಇದ್ದಲ್ಲಿ ಡಿಪೋ, ಡಿಪೋ ಇದ್ದಲ್ಲಿ ಮೆಕ್ಯಾನಿಕ್. ಹಳ್ಳಿ ಹುಡುಗನ ಐಟಿಐ ಸರ್ಟಿಫಿಕೇಟಿಗೆ ಬೆಲೆ ತಂದ ಜಾಗಗಳಲ್ಲಿ ಡಿಪೋ ಕೂಡ ಒಂದು.

ಅದೇ 1961ರಲ್ಲಿ ಅಪ್ರೆಂಟಿಸ್ ಕಾಯ್ದೆ ಬಂತು. ಕಲಿಸುವ ಖರ್ಚಿನಲ್ಲಿ ಕಾರ್ಖಾನೆಯದ್ದೂ ಪಾಲಿರಲಿ ಎಂಬುದು ಅದರ ಹುರುಳು. ಕಲಿಯುವ ಹುಡುಗ ಬಿಟ್ಟಿ ಆಳಲ್ಲ, ಅವನಿಗೆ ಸ್ಟೈಪೆಂಡ್ ಕೊಡಬೇಕು ಎಂದಾಯಿತು. 2019ರ ನಿಯಮದ ಪ್ರಕಾರ ಐಟಿಐ ಮುಗಿಸಿದ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಸಿಗಬೇಕಿತ್ತು.

ತಿಂಗಳ ತರಬೇತಿ, ಮೂರು ವರ್ಷದ ತರಬೇತಿ

ಎಲ್ಲರಿಗೂ ಎರಡು ವರ್ಷ ಕೂರುವ ಅನುಕೂಲ ಇರಲಿಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕ್‌ಗಳ ಜೊತೆಗೂಡಿ ರುಡ್‌ಸೆಟ್ ಹುಟ್ಟಿತು. ಊಟ, ವಸತಿ, ಪಾಠ ಎಲ್ಲ ಉಚಿತ. ಕೆಲವೇ ವಾರಗಳಲ್ಲಿ ಕೆಲಸ ಕಲಿತು, ಸಾಲ ಪಡೆದು, ಸ್ವಂತ ಅಂಗಡಿ ಇಡಬೇಕು ಎಂಬ ಯೋಚನೆ. ಇದನ್ನೇ ಮಾದರಿಯಾಗಿಟ್ಟುಕೊಂಡು ಕೇಂದ್ರ ಸರ್ಕಾರ 2009ರಿಂದ ಜಿಲ್ಲೆಗೊಂದು ಆರ್‌ಸೆಟಿ ತೆರೆಸಲು ಹೊರಟಿತು. ಬೈಕ್ ರಿಪೇರಿ ಅಲ್ಲಿ 30 ದಿನದ ಕೋರ್ಸು.

ಇನ್ನೊಂದು ತುದಿಯಲ್ಲಿ ಬಿಡದಿ. 2007ರಲ್ಲಿ ಟೊಯೊಟಾ ಕಂಪನಿ ಅಲ್ಲಿ ತರಬೇತಿ ಶಾಲೆ ತೆರೆದು, ಬಡ ಗ್ರಾಮೀಣ ಕುಟುಂಬಗಳ ಹತ್ತನೇ ತರಗತಿ ಪಾಸಾದ ಮಕ್ಕಳನ್ನು ಮೂರು ವರ್ಷ ಇಟ್ಟುಕೊಂಡು ಉಚಿತವಾಗಿ ಕಲಿಸತೊಡಗಿತು. ಅಲ್ಲಿ ಪೂರ್ತಿ ಖರ್ಚು ಕಂಪನಿಯದ್ದು. ಆದರೆ ಸೀಟು ಕೆಲವೇ ಕೆಲವು.

ಈಗ ಮನೆಯ ಲೆಕ್ಕ

ಫೀಸು ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ದೊಡ್ಡ ಖರ್ಚು ಫೀಸಲ್ಲ, ಬಿಟ್ಟುಹೋದ ದುಡಿಮೆ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಂಕಿ ನಿಮ್ಮ ಊರಿನ ಕೂಲಿಗೆ ತಕ್ಕಂತೆ ಬದಲಿಸಿಕೊಳ್ಳಿ.

ದುಡಿಯುವ ವಯಸ್ಸಿನ ಹುಡುಗನಿಗೆ ದಿನಕ್ಕೆ 400 ರೂಪಾಯಿ, ತಿಂಗಳಿಗೆ 20 ದಿನ ಕೂಲಿ ಎಂದುಕೊಳ್ಳಿ. ತಿಂಗಳಿಗೆ 8,000. ಎರಡು ವರ್ಷಕ್ಕೆ 1,92,000. ಬಸ್ಸು, ಊಟಕ್ಕೆ ತಿಂಗಳಿಗೆ 2,000 ಸೇರಿಸಿದರೆ ಇನ್ನೂ 48,000. ಒಟ್ಟು 2,40,000 ರೂಪಾಯಿ. ಇದು ಫೀಸು ಬಿಟ್ಟು.

ಐಟಿಐ ಮುಗಿಸಿದ ಮೇಲೆ ಕೂಲಿಗಿಂತ ತಿಂಗಳಿಗೆ 4,000 ಹೆಚ್ಚು ಬಂದರೆ ಈ ದುಡ್ಡು ಹುಟ್ಟಲು 60 ತಿಂಗಳು, ಅಂದರೆ ಐದು ವರ್ಷ ಬೇಕು. 2,000 ಮಾತ್ರ ಹೆಚ್ಚು ಬಂದರೆ ಹತ್ತು ವರ್ಷ. ಕಲಿತ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ ಹೋದರೆ ಹುಟ್ಟುವುದೇ ಅನುಮಾನ.

30 ದಿನದ ತರಬೇತಿಗೆ ಹೋಗುವುದು 8,000 ರೂಪಾಯಿಯ ಕೂಲಿ ಮಾತ್ರ. ತಿಂಗಳಿಗೆ 1,000 ಹೆಚ್ಚು ದುಡಿದರೂ ಎಂಟೇ ತಿಂಗಳಲ್ಲಿ ವಾಪಸ್. ಹಾಗಾದರೆ ತಿಂಗಳ ತರಬೇತಿಯೇ ಮೇಲಲ್ಲವೇ? ಕಾಗದದ ಮೇಲೆ ಹೌದು. ಆದರೆ ಈ ಲೆಕ್ಕದಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಗಾಡಿಗಳು ಬದಲಾಗುತ್ತವೆ.

ಯೆಜ್ಡಿಯಿಂದ ಸೆನ್ಸರ್‌ವರೆಗೆ

ನಮ್ಮ ಬಳಗದ ಒಬ್ಬರ ಚಿಕ್ಕಪ್ಪ ಯೆಜ್ಡಿ ಬೈಕಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳು ಅವು. ಪಾಯಿಂಟ್ ಉಜ್ಜುವುದು, ಸೈಲೆನ್ಸರ್ ಕಾರ್ಬನ್ ಸುಡುವುದು, ಪ್ಲಗ್ ಗ್ಯಾಪ್ ನೋಡುವುದು. ಇಷ್ಟು ಬಂದರೆ ಜೀವನ ನಡೆಯುತ್ತಿತ್ತು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು, ಫೋರ್ ಸ್ಟ್ರೋಕ್ ಕಾಲ ಶುರುವಾಯಿತು. 1996ರಲ್ಲಿ ಐಡಿಯಲ್ ಜಾವಾ ಬಾಗಿಲು ಹಾಕಿತು. ಚಿಕ್ಕಪ್ಪ ಕಷ್ಟಪಟ್ಟು ಹೊಸದನ್ನೂ ಕಲಿತರು, ಏಕೆಂದರೆ ಕಾರ್ಬುರೇಟರ್ ಆಗಲೂ ಕಣ್ಣಿಗೆ ಕಾಣುತ್ತಿತ್ತು, ಬಿಚ್ಚಿದರೆ ಅರ್ಥವಾಗುತ್ತಿತ್ತು.

2020ರ ಏಪ್ರಿಲ್ 1ರಿಂದ ಬಿಎಸ್-6 ಬಂತು. ಹೊಸ ಬೈಕುಗಳಲ್ಲಿ ಫ್ಯೂಯಲ್ ಇಂಜೆಕ್ಷನ್, ಸೆನ್ಸರ್, ಎಲ್ಲದರ ಮೇಲೆ ಕಣ್ಣಿಡುವ ಪುಟ್ಟ ಕಂಪ್ಯೂಟರ್. ರೋಗ ಈಗ ಸದ್ದಿನಲ್ಲಷ್ಟೇ ಇಲ್ಲ, ಸ್ಕ್ಯಾನರ್ ತೋರಿಸುವ ಕೋಡ್‌ನಲ್ಲಿದೆ. ಚಿಕ್ಕಪ್ಪ ಈಗ ಆ ಗಾಡಿ ಬಂದರೆ 'ಶೋರೂಮಿಗೆ ಒಯ್ಯಪ್ಪಾ' ಅನ್ನುತ್ತಾರೆ. ಕೈ ಸೋತಿಲ್ಲ. ವೋಲ್ಟೇಜ್ ಅಂದರೇನು, ಮಲ್ಟಿಮೀಟರ್ ಎಲ್ಲಿ ಇಡಬೇಕು ಎಂದು ಅವರಿಗೆ ಯಾರೂ ಕೂರಿಸಿ ಹೇಳಿರಲಿಲ್ಲ. ಇನ್ನು ಎಲೆಕ್ಟ್ರಿಕ್ ಗಾಡಿಗೆ ಕಾರ್ಬುರೇಟರೂ ಇಲ್ಲ, ಪ್ಲಗ್ಗೂ ಇಲ್ಲ.

ದೀರ್ಘ ತರಬೇತಿಯ ನಿಜವಾದ ಫಲ ಮೊದಲ ಸಂಬಳದಲ್ಲಿ ಸಿಗುವುದಿಲ್ಲ. ಹತ್ತು ವರ್ಷದ ನಂತರ ಗಾಡಿ ಬದಲಾದಾಗ ಸಿಗುತ್ತದೆ. 'ಹೇಗೆ' ಮಾತ್ರ ಕಲಿತವನು ಅಲ್ಲಿಗೇ ನಿಲ್ಲುತ್ತಾನೆ, 'ಯಾಕೆ' ಕಲಿತವನು ಮುಂದೆ ಹೋಗುತ್ತಾನೆ.

ಆದರೆ ಐಟಿಐ ಬೋರ್ಡ್ ಇದ್ದಲ್ಲೆಲ್ಲ 'ಯಾಕೆ' ಕಲಿಸುತ್ತಾರೆ ಎಂದಲ್ಲ. ವರ್ಕ್‌ಶಾಪಿನಲ್ಲಿ ತುಕ್ಕು ಹಿಡಿದ ಹಳೇ ಎಂಜಿನ್ ಮಾತ್ರ ಇದ್ದರೆ ನಿಮ್ಮ 2,40,000 ನೀರಿಗೆ ಹಾಕಿದಂತೆ. ಈ ಕೊರತೆ ತುಂಬಲೆಂದೇ ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸುವ 4,636 ಕೋಟಿ ರೂಪಾಯಿಯ ಯೋಜನೆ ಕೈಗೆತ್ತಿಕೊಂಡಿತು. ಸೇರುವ ಮುನ್ನ ಆ 150ರಲ್ಲಿ ನಿಮ್ಮ ತಾಲ್ಲೂಕಿನದ್ದು ಇದೆಯೇ ವಿಚಾರಿಸಿ.

ಸೇರಿಸುವ ಮುನ್ನ

ಒಮ್ಮೆ ಹುಡುಗನ ಜೊತೆ ಹೋಗಿ ವರ್ಕ್‌ಶಾಪ್ ನೋಡಿ ಬನ್ನಿ. ಬಿಎಸ್-6 ಎಂಜಿನ್ ಇದೆಯೇ, ಸ್ಕ್ಯಾನರ್ ಇದೆಯೇ, ಅದನ್ನು ಹುಡುಗರ ಕೈಗೆ ಕೊಡುತ್ತಾರೋ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೋ ಕೇಳಿ. ಹೋದ ವರ್ಷ ಪಾಸಾದವರಲ್ಲಿ ಎಷ್ಟು ಮಂದಿಗೆ ಅಪ್ರೆಂಟಿಸ್ ಸಿಕ್ಕಿತು ಎಂದು ಕೇಳಿ. 2019ರ ನಿಯಮದಂತೆ ತಿಂಗಳಿಗೆ 7,000 ಎಂದೇ ಹಿಡಿದರೂ ವರ್ಷಕ್ಕೆ 84,000. ಪಟ್ಟಣದ ರೂಮ್ ಬಾಡಿಗೆ ಕಳೆದರೂ ನಿಮ್ಮ ಸಾಲದ ಭಾರ ಅಷ್ಟು ಇಳಿಯುತ್ತದೆ. ಮನೆ ನಡೆಯುವುದೇ ಹುಡುಗನ ಕೂಲಿಯಿಂದ ಎಂದಾದರೆ 30 ದಿನದ ತರಬೇತಿಗೆ ಕಳಿಸಿ, ಮೇಷ್ಟ್ರ ಹತ್ತಿರ ಮಲ್ಟಿಮೀಟರ್ ಹಿಡಿಯುವುದನ್ನೂ ಹೇಳಿಸಿಕೊಂಡು ಬರಲಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಉಸ್ತಾದ್, ಸರ್ಕಾರ, ಕಾರ್ಖಾನೆ, ಬ್ಯಾಂಕು, ಕಂಪನಿ ಎಲ್ಲರೂ ಒಂದೊಂದು ಕಾಲದಲ್ಲಿ ಕಲಿಸುವ ಖರ್ಚಿನ ಒಂದು ಪಾಲು ಹೊತ್ತಿದ್ದಾರೆ. ಅಂದಿನಿಂದ ಇಂದಿನವರೆಗೆ ತಪ್ಪದೇ ಪಾಲು ಕಟ್ಟುತ್ತಾ ಬಂದದ್ದು ಮಾತ್ರ ಹುಡುಗನ ಮನೆ. ಅಷ್ಟು ಕಟ್ಟುವವರಿಗೆ ವರ್ಕ್‌ಶಾಪಿನ ಬಾಗಿಲು ತೆಗೆಸಿ ನೋಡುವ ಹಕ್ಕಿದೆ. ನೋಡದೆ ಸೇರಿಸಬೇಡಿ.