ಅಡಿಗೆಮನೆಯ ಚರಿತ್ರೆ



ಸಂಸ್ಥಾನಗಳ ಚರಿತ್ರೆಯನ್ನು ಬರೆದವರು ದರ್ಬಾರನ್ನು ವರ್ಣಿಸಲು ಪುಟಗಳನ್ನು ತುಂಬುವರು. ಅಡಿಗೆಮನೆಯ ಹೊಸ್ತಿಲನ್ನು ದಾಟುವುದು ಅಪೂರ್ವ. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರುವವರೆಗೆ ಪಟವರ್ಧನರ ಆಳ್ವಿಕೆಯಲ್ಲಿದ್ದ ಜಮಖಂಡಿ ಸೀಮೆಯ ಹಳೆಯ ಮನೆಗಳನ್ನು ನೋಡಿದವರಿಗೆ, ಅಡಿಗೆಮನೆಗೂ ಒಂದು ಚರಿತ್ರೆಯುಂಟೆಂಬುದು ಮನದಟ್ಟಾಗದಿರದು.

ಆ ಸೀಮೆಯಲ್ಲಿ ಮಳೆ ಕಡಮೆ, ಬಿಸಿಲು ಪ್ರಖರ. ಆದುದರಿಂದ ದಪ್ಪಗೋಡೆ, ಮಣ್ಣಿನ ಮಾಳಿಗೆ, ಸಣ್ಣ ಕಿಟಕಿ. ಒಲೆಯಿದ್ದುದು ನೆಲದ ಮೇಲೆ. ಜೋಳದ ರೊಟ್ಟಿಗೆ ಅದು ಅನುಕೂಲವಾಗಿತ್ತು. ಕೊಣಮಿಗೆಯಲ್ಲಿ ಹಿಟ್ಟನ್ನು ನಾದಿ, ಅಂಗೈಯಿಂದ ತಟ್ಟಿ, ಹೆಂಚಿಗೆ ಹಾಕಿ, ಮೇಲೆ ನೀರು ಸವರಿ, ಕಡೆಗೆ ಕೆಂಡಕ್ಕೆ ಒರಗಿಸುವವರೆಗಿನ ಕೆಲಸವೆಲ್ಲ ಕುಳಿತ ಗೃಹಿಣಿಯ ಕೈಯಳತೆಯಲ್ಲಿಯೇ ಸಾಗುತ್ತಿತ್ತು. ಉಪ್ಪು ಖಾರಕ್ಕೆ ಗೋಡೆಯ ಮಾಡ, ಹಾಲು ಬೆಣ್ಣೆಗೆ ನೆಲವು.

ಪಾಶ್ಚಾತ್ಯರು ಇದೇ ತತ್ತ್ವವನ್ನು ಎಣಿಕೆಯ ಮೂಲಕ ಕಂಡುಕೊಂಡರು. 1912ರಲ್ಲಿ ಅಮೆರಿಕದ ಕ್ರಿಸ್ಟೀನ್ ಫ್ರೆಡರಿಕ್ ಎಂಬಾಕೆ, ಸಾಮಾನುಗಳನ್ನು ಕೆಲಸದ ಕ್ರಮದಲ್ಲಿ ಜೋಡಿಸಿ ವೃಥಾ ಹೆಜ್ಜೆಗಳನ್ನು ಉಳಿಸುವ ಬಗೆಯನ್ನು ಪತ್ರಿಕೆಯಲ್ಲಿ ವಿವರಿಸಿದಳು. 1926ರಲ್ಲಿ ಮಾರ್ಗರೆಟೆ ಲಿಹೋಟ್ಸ್ಕಿ ಎಂಬ ಶಿಲ್ಪಿಯು ಫ್ರಾಂಕ್‌ಫರ್ಟಿನ ಹೊಸ ವಸತಿಗಳಿಗಾಗಿ, ಸುಮಾರು 2 ಮೀಟರು ಅಗಲ, 3.5 ಮೀಟರು ಉದ್ದದ ಅಡಿಗೆಮನೆಯನ್ನು ರಚಿಸಿದಳು.

ಆದರೂ ಹಳೆಯದನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಹತ್ತಿಕಟ್ಟಿಗೆ, ಕುಳ್ಳುಗಳ ಹೊಗೆಗೆ ಮಾಳಿಗೆಯ ಬೆಳಕಿಂಡಿಯೊಂದೇ ದಾರಿ. ಅದರ ಕಪ್ಪು ಜಂತೆಗಳಿಗೆ ಹತ್ತಿದಂತೆಯೇ ತಲೆಮಾರುಗಳ ಹೆಂಗಸರ ಶ್ವಾಸಕೋಶಗಳಿಗೂ ಹತ್ತಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ವಿಭಾಗದವರು ಹೊಗೆಗೊಳವೆಯುಳ್ಳ ಒಲೆಯನ್ನು ರೂಪಿಸಿದುದು ಈ ಕಷ್ಟವನ್ನು ಕಂಡೇ.

ಮುಂದೆ ಅನಿಲದ ಒಲೆ ಬಂದಿತು; ಅದರೊಡನೆ ಎತ್ತರದ ಕಟ್ಟೆಯೂ ಬಂದಿತು. ಹೊಗೆ ಹೋಯಿತು, ಕೈಯಳತೆಯೂ ಹೋಯಿತು. ಪಾತ್ರೆಗೆ ಒಪ್ಪುವ ಎತ್ತರ ರೊಟ್ಟಿ ತಟ್ಟುವುದಕ್ಕೆ ಒಪ್ಪದು. ಭುಜದ ಬಲ ಕೆಳಮುಖವಾಗಿ ಬೀಳಬೇಕಾದರೆ ಹಲಗೆಯು ಮೊಣಕೈಗಿಂತ ಸಾಕಷ್ಟು ತಗ್ಗಿನಲ್ಲಿರಬೇಕು.

ಆದುದರಿಂದ ಹೊಸಮನೆ ಕಟ್ಟಿಸುವವರು ಉಗ್ರಾಣ, ನೀರು, ಒಲೆ ಈ ಮೂರನ್ನು ಕೆಲಸದ ಕ್ರಮದಲ್ಲಿ ಹತ್ತಿರ ಹತ್ತಿರ ಇರಿಸಲಿ. ಒಲೆಯನ್ನು ಹೊರಗೋಡೆಯ ಕಿಟಕಿಯ ಸಮೀಪದಲ್ಲಿ ಹೂಡಲಿ. ರೊಟ್ಟಿಗೆ ಬೇರೊಂದು ತಗ್ಗಿನ ಕಟ್ಟೆಯನ್ನು ಕಟ್ಟಿಸಲಿ. ಗಾರೆಯವನು ದಾರ ಹಿಡಿಯುವ ಮುನ್ನ, ಅಲ್ಲಿ ದಿನವೂ ದುಡಿಯುವವರ ಮೊಣಕೈಯ ಎತ್ತರವನ್ನು ಒಮ್ಮೆ ಅಳೆಯಲಿ. ದರ್ಬಾರು ಹಾಲುಗಳ ಅಳತೆ ಗ್ರಂಥಗಳಲ್ಲಿ ದೊರೆಯುತ್ತದೆ. ಈ ಅಳತೆಯನ್ನು ಮನೆಯಲ್ಲಿಯೇ ಕೇಳಿ ತಿಳಿಯಬೇಕು.